ಹಸಿರು ನೂಲಿನ ಹುಂಜ

ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು, ಬಿಸಿ ಗಂಜಿ ಆರಿಸುವವಳ ಹಾಗೆ ತುಟಿ ಚೂಪು ಮಾಡಿ, ಅದರ ಬೆನ್ನ ಮೇಲೆ ಮೆಲ್ಲಗೆ ಊದುತ್ತಿದ್ದಳು ನೆಟ್ಟಾ ಹ್ಯಾಡೋ. ಗ್ಲಾಸ್ಗೋದಿಂದ ಮದುವೆಯಾಗಿ ನಾನು ಗುಡ್ಡಗಾಡಿನ ಹಳ್ಳಿ ಬ್ರೇಹೋಪ್‌ಗೆ ಬಂದ ವಾರ, ಹಿತ್ತಿಲ ಗೋಡೆಯಾಚೆ ಕಂಡ ಮೊದಲ ನೋಟ ಅದು.

"ಏನು, ಕೋಳಿಗೆ ಸೆಕೆ ಆಗ್ತಿದೆಯಾ?" ಅಂದೆ.

"ಪಟ್ಟಣದವಳು ನೀನು. ಬಾ, ಇಲ್ಲಿ ನೋಡು."

ಅವಳು ಊದಿದ ಕಡೆ ಗರಿಗಳು ಹೂವಿನ ಹಾಗೆ ಬಿಚ್ಚಿಕೊಂಡವು. ಒಂದು ಕಪ್ಪು, ಒಂದು ಬೂದುಬಿಳಿ, ಮತ್ತೆ ಕಪ್ಪು, ಮತ್ತೆ ಬೂದುಬಿಳಿ. ಪಟ್ಟೆಗಳು ಮೇಲಿನಿಂದ ಇಳಿದು, ಬುಡದ ತುಪ್ಪುಳದಲ್ಲೂ ನಿಲ್ಲದೆ, ಚರ್ಮದವರೆಗೂ ಹೋಗಿದ್ದವು.

"ಮೇಲೆ ಪಟ್ಟೆ ಯಾವ ಕೋಳಿಗೂ ಬರುತ್ತೆ ಕಣೇ. ಚರ್ಮದವರೆಗೂ ಇದೆಯೋ ಇಲ್ವೋ ಅಂತ ನೋಡ್ಬೇಕು. ಗಂಡಸರನ್ನೂ ಹೀಗೆ ಊದಿ ನೋಡೋ ಹಾಗಿದ್ದಿದ್ರೆ ನನಗೂ ಇಷ್ಟೊತ್ತಿಗೆ ಮದುವೆ ಆಗಿರ್ತಿತ್ತು."

ಆಮೇಲೆ ನಾನು ಅವಳ ಜೊತೆ ಶಾಲೆಯ ಅಡುಗೆಮನೆಗೆ ಸೇರಿದೆ. ಅವಳು ಬೇಯಿಸುವವಳು, ನಾನು ಹೆಚ್ಚುವವಳು. ಅರವತ್ತು ಮಕ್ಕಳಿಗೆ ದಿನವೂ ಬಾರ್ಲಿ ಸಾರು, ಆಲೂಗಡ್ಡೆ. ಆಲೂಗಡ್ಡೆ ಸಿಪ್ಪೆಯ ಬಕೆಟ್ಟು ಸಂಜೆ ಅವಳ ಕೋಳಿಗಳಿಗೆ. ದಾರಿಯುದ್ದಕ್ಕೂ ಅವಳ ಮಾತೆಲ್ಲ ಎರಡೇ ವಿಷಯ: ಒಂದು ಅವಳ ಅಮ್ಮ ಗ್ರಿಜೆಲ್, ಇನ್ನೊಂದು ಅಮ್ಮನ ಗ್ರೇ ಜಾತಿಯ ಕೋಳಿಗಳು. ಎತ್ತರದ ನಿಲುವು, ಬಿಳಿ ಕಾಲಿನ ಮೇಲೆ ಕಪ್ಪು ಚುಕ್ಕೆ, ಮೈತುಂಬ ಪಟ್ಟೆ. ಗ್ರಿಜೆಲ್ ಮದುಮಗಳಾಗಿ ಬಂದ ವರ್ಷ ಹದಿಮೂರು ಮೊಟ್ಟೆಯಿಂದ ಶುರು ಮಾಡಿದ ಗುಂಪು ಅದು. ನಲವತ್ತೆರಡು ವರ್ಷ ಒಂದೇ ಒಂದು ಹೊರಗಿನ ಹುಂಜ ಆ ಹಿತ್ತಿಲಿಗೆ ಕಾಲಿಟ್ಟಿರಲಿಲ್ಲ.

ಅರವತ್ತೆರಡನೇ ಇಸವಿಯ ಜನವರಿಯಲ್ಲಿ ಗ್ರಿಜೆಲ್ ತೀರಿಕೊಂಡಳು. ಮಣ್ಣು ಮಾಡಿ ಬಂದ ಸಂಜೆ ಮನೆ ತುಂಬ ಜನ. ಹ್ಯಾಮ್ ಕೊಯ್ಯುವವರು, ಚಹಾ ಸುರಿಯುವವರು, ವಿಸ್ಕಿ ಹಂಚುವವರು. ಕೋಳಿಗೂಡಿನ ಬಾಗಿಲನ್ನು ನೆಟ್ಟಾ ಹಾಕಿದ್ದಾಳೆ ಅಂತ ನಾನು ಅಂದುಕೊಂಡೆ. ನಾನು ಹಾಕಿದ್ದೇನೆ ಅಂತ ಅವಳು. ಬೆಳಿಗ್ಗೆ ಹೋಗಿ ನೋಡಿದರೆ ಹಿಮದ ಮೇಲೆಲ್ಲ ಪಟ್ಟೆ ಗರಿ. ನರಿ ಹದಿಮೂರರಲ್ಲಿ ಹನ್ನೆರಡನ್ನು ಮುಗಿಸಿತ್ತು. ಗೂಡಿನ ಮೇಲ್ತೊಲೆಯಲ್ಲಿ ಒಂದೇ ಒಂದು ಮುದಿ ಹೇಟೆ ಕಲ್ಲಿನ ಹಾಗೆ ಕೂತಿತ್ತು.

ನೆಟ್ಟಾ ಅಮ್ಮನಿಗಾಗಿ ಅಳದವಳು ಅಲ್ಲಿ ಕೂತು ಅತ್ತಳು. "ಒಂದು ದಿನ, ರೋನಾ. ಅಮ್ಮನ್ನ ಮಣ್ಣು ಮಾಡಿ ಒಂದು ದಿನ ಆಗಿಲ್ಲ, ಅವಳದ್ದನ್ನ ಕಾಪಾಡೋಕೆ ಆಗ್ಲಿಲ್ಲ ನನ್ನ ಕೈಲಿ."

ನನ್ನ ತಪ್ಪೂ ಅಷ್ಟೇ ಇತ್ತು. ಅವಳು ಅದನ್ನು ಆವತ್ತೂ ಆಡಲಿಲ್ಲ, ಮುಂದೆಂದೂ ಆಡಲಿಲ್ಲ.

ಏಪ್ರಿಲ್ ಮೊದಲ ವಾರ ಆ ಮುದಿ ಹೇಟೆ ಖಾಲಿ ಗೂಡಿನಲ್ಲಿ ಕಾವಿಗೆ ಕೂತಿತು. ಮೊಟ್ಟೆಯಿಲ್ಲ, ಹುಂಜವಿಲ್ಲ, ಆದರೂ ಎಬ್ಬಿಸಲು ಹೋದರೆ ಮೈ ಉಬ್ಬಿಸಿ ಕೈ ಕುಕ್ಕುತ್ತಿತ್ತು. ಸುದ್ದಿ ಹಾಲಿನ ಲಾರಿಯವನ ಬಾಯಿಂದ ಗುಡ್ಡದಾಚೆ ಹೋಯಿತು. ಮೂರನೇ ದಿನ ಅದೇ ಲಾರಿಯಲ್ಲಿ ವಾಟಿ ಕ್ರಾನ್‌ಸ್ಟನ್ ಬಂದಿಳಿದರು. ಎಪ್ಪತ್ತೆಂಟು ವರ್ಷ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಓಟ್ಸ್ ಹಿಟ್ಟಿನ ಡಬ್ಬಿ. ಹಿಟ್ಟಿನೊಳಗೆ ಹೂತು ಹದಿಮೂರು ಮೊಟ್ಟೆ.

"ನಿನ್ನಮ್ಮನಿಗೆ ಹದಿಮೂರು ಮೊಟ್ಟೆ ಕೊಟ್ಟಿದ್ದು ನನ್ನಮ್ಮ," ಅಂದರು. "ಅದಕ್ಕೆ ಬದಲಾಗಿ ನಿನ್ನಮ್ಮ ಕೊಟ್ಟ ಹುಂಜದ ಸಂತಾನ ಇವು. ನಿಮ್ಮನೆ ರಕ್ತಾನೇ ಮಗಳೇ. ಸುತ್ತು ಹಾಕ್ಕೊಂಡು ಬಂದಿದೆ, ಅಷ್ಟೆ."

ನೆಟ್ಟಾಳ ಕಣ್ಣು ತುಂಬಿತು. ನಾನು ಪಟ್ಟಣದವಳು, "ಥ್ಯಾಂಕ್ಸ್ ವಾಟಿ ಮಾ..." ಅನ್ನುವಷ್ಟರಲ್ಲಿ ಅವಳು ನನ್ನ ಕಾಲು ತುಳಿದಳು. ನಮ್ಮ ಕಣಿವೆಯಲ್ಲಿ ಕಾವಿಗಿಡುವ ಮೊಟ್ಟೆಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಹೇಳಿದರೆ ಮೊಟ್ಟೆ ಕೆಡುತ್ತದೆ ಅಂತ ನಂಬಿಕೆ. ಹವಾಮಾನದ ಮಾತಾಡಬೇಕು. ನವೆಂಬರ್ ಹನ್ನೊಂದಕ್ಕೆ, ಮಾರ್ಟಿನ್ಮಸ್ ಹಬ್ಬದ ದಿನ, ಕೊಟ್ಟವರು ಬರುತ್ತಾರೆ. ಬೆಳೆದ ಹುಂಜಗಳಲ್ಲಿ ತಮಗೆ ಬೇಕಾದ್ದನ್ನು ಅವರೇ ಮೊದಲು ಆರಿಸಿಕೊಂಡು ಹೋಗುತ್ತಾರೆ. ಅದೇ ಥ್ಯಾಂಕ್ಸು.

"ಗಾಳಿ ಜೋರಾಗಿದೆ, ವಾಟಿ ಮಾಮ," ಅಂದಳು ನೆಟ್ಟಾ, ಮೂಗೊರೆಸಿಕೊಳ್ಳುತ್ತ.

"ಹೂಂ. ಉತ್ತರದ್ದು," ಅಂದರು ವಾಟಿ, ತೃಪ್ತಿಯಿಂದ.

ಇಪ್ಪತ್ತೊಂದನೇ ದಿನ ಒಂಬತ್ತು ಮರಿ ಹೊರಬಂದವು. ಇದ್ದಿಲಿನ ಹಾಗೆ ಕಪ್ಪು, ನೆತ್ತಿಯ ಮೇಲೆ ಮಾತ್ರ ಒಂದು ಬಿಳಿ ಬೊಟ್ಟು. ಬೊಟ್ಟು ಚಿಕ್ಕದಾಗಿ ಅಚ್ಚುಕಟ್ಟಾಗಿದ್ದರೆ ಹೇಟೆ. ಹಾಲು ಚೆಲ್ಲಿದ ಹಾಗೆ ಹರಡಿದ್ದರೆ ಹುಂಜ. ನೆಟ್ಟಾ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಐದು ಹೇಟೆ, ನಾಲ್ಕು ಹುಂಜ. ಒಂದು ಹೇಟೆಮರಿಯನ್ನು ಮೇ ತಿಂಗಳಲ್ಲಿ ಕಾಗೆ ಹೊತ್ತೊಯ್ದಿತು. ಉಳಿದ ಹೇಟೆಗಳ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಎಲ್ಲ ಇದ್ದದ್ದು ಹುಂಜದ ಮೇಲೆ. "ಹೇಟೆ ಕೆಟ್ಟರೆ ಒಂದು ಗೂಡು ಕೆಡುತ್ತೆ. ಹುಂಜ ಕೆಟ್ಟರೆ ಇಡೀ ಹಿತ್ತಿಲು ಕೆಡುತ್ತೆ" ಎನ್ನುವುದು ಗ್ರಿಜೆಲ್ ಬಿಟ್ಟುಹೋದ ಮಾತು.

ನಾಲ್ಕು ಹುಂಜಮರಿಗಳ ಕಾಲಿಗೆ ನಾಲ್ಕು ಬಣ್ಣದ ಉಣ್ಣೆನೂಲು ಕಟ್ಟಿದಳು. ಅಮ್ಮ ಅರ್ಧ ಹೆಣೆದು ಬಿಟ್ಟ ಸ್ವೆಟರಿನ ನೂಲು. ಕಾಲು ದಪ್ಪಗಾದಂತೆ ಎರಡು ವಾರಕ್ಕೊಮ್ಮೆ ಬಿಚ್ಚಿ ಸಡಿಲವಾಗಿ ಕಟ್ಟಬೇಕು. ಆ ನೆಪದಲ್ಲಿ ಕೈಯಲ್ಲಿ ಹಿಡಿದು ತೂಕ ನೋಡುವುದು, ಎದೆಮೂಳೆಯ ಮೇಲೆ ಬೆರಳಾಡಿಸುವುದು, ಊದುವುದು.

ಕೆಂಪು ನೂಲಿನವನ ಬೆರಳು ಸೊಟ್ಟ. ಆಗಸ್ಟಿನಲ್ಲಿ ಅವನು ಸಾರಾದ. ಒಳ್ಳೆಯ ಸಾರು, ಅವಳು ನನಗೊಂದು ಬಟ್ಟಲು ಕೊಟ್ಟು, ತಾನು ತಿನ್ನದೆ ಹೊರಗೆ ಹೋಗಿ ಗೂಡು ಗುಡಿಸಿದಳು. ಹಳದಿ ನೂಲಿನವನು ಬಿಸಿಲಿಗೆ ನಿಂತರೆ ಕತ್ತಿನ ಗರಿಗಳಲ್ಲಿ ಗ್ರೇ ಕೋಳಿಗೆ ಇರಬಾರದ ಹಳೇ ಹಿತ್ತಾಳೆಯ ಛಾಯೆ. ನೀಲಿ ನೂಲಿನವನು ಗಟ್ಟಿ ಆಳು. ಅಗಲ ಎದೆ, ನೆಟ್ಟಗಿನ ಕಾಲು, ನಾಲ್ಕು ತಿಂಗಳಿಗೇ ಕೂಗು ಹಾಕಿದ. ಆದರೆ ಬಾಲದಲ್ಲಿ ಪಟ್ಟೆಗಳು ಒಂದಕ್ಕೊಂದು ಕಲಸಿ ಹೋಗಿದ್ದವು, ಒದ್ದೆ ಕೈಯಿಂದ ಬರಹ ಒರೆಸಿದ ಹಾಗೆ.

ಇನ್ನು ಹಸಿರು ನೂಲಿನವನು. ಉಳಿದವರೆಲ್ಲ ಆರು ವಾರಕ್ಕೆ ಗರಿ ತೊಟ್ಟು ಓಡಾಡುವಾಗ ಇವನ ಬೆನ್ನು ಬೋಳು. ಜೂನ್ ತಿಂಗಳ ಮಳೆಯಲ್ಲಿ ಗುಲಾಬಿ ಚರ್ಮ ಬಿಟ್ಟುಕೊಂಡು ನಡುಗುತ್ತ ನಿಲ್ಲುತ್ತಿದ್ದ. ಅಂಚೆಯವನು ದಿನವೂ ಗೋಡೆಯ ಮೇಲಿಂದ ಬಗ್ಗಿ ಕೇಳುತ್ತಿದ್ದ: "ನೆಟ್ಟಾ, ಅದರ ಪುಕ್ಕ ಆಗ್ಲೇ ಕಿತ್ತುಬಿಟ್ಟಿದ್ದೀಯ. ಒಲೆ ಮೇಲಿಡೋಕೆ ಮರೆತೆಯಾ ಹೇಗೆ?"

ನಾನೂ ಬಿಡಲಿಲ್ಲ. "ಒಂದು ಬನಿಯನ್ ಹೆಣೆದು ಹಾಕೇ, ಪಾಪ."

"ನಗ್ರಿ, ನಗ್ರಿ. ಅಮ್ಮ ಹೇಳ್ತಿದ್ಲು, ಬೇಗ ನೇಯ್ದಿದ್ದು ಬೇಗ ಹರಿಯುತ್ತೆ ಅಂತ. ಗರಿ ಅವಸರದಲ್ಲಿ ಬಂದ್ರೆ ಪಟ್ಟೆ ಕಲಸಿಹೋಗುತ್ತೆ. ನಿಧಾನವಾಗಿ ಬಂದ್ರೆ ಒಂದೊಂದು ಪಟ್ಟೆಗೂ ಕೂತು ಗೆರೆ ಎಳೆಯೋಷ್ಟು ಹೊತ್ತು ಸಿಗುತ್ತೆ."

ಹಾಗೆಂದಳೇ ಹೊರತು ಅವಳಿಗೂ ದಿಗಿಲಿತ್ತು. ಮಳೆ ಬಂದರೆ ಅವನೊಬ್ಬನನ್ನು ಎತ್ತಿ ಅಡುಗೆಮನೆಗೆ ತಂದು ಒಲೆಯ ಪಕ್ಕ ಬಿಡುತ್ತಿದ್ದಳು. ಬೇಯಿಸಿದ ಮೊಟ್ಟೆ ಪುಡಿಮಾಡಿ ತಿನ್ನಿಸುತ್ತಿದ್ದಳು. ಹತ್ತನೇ ವಾರ ಬೆನ್ನ ಮೇಲೆ ಮುಳ್ಳು ಮುಳ್ಳಾಗಿ ಗರಿ ಮೂಡಿತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಕೂಗಿದಳು, "ರೋನಾ! ಕೈಲಿರೋದು ಬಿಟ್ಟು ಬಾ!"

ಹೋದೆ. ಅವಳು ಹಸಿರು ನೂಲಿನವನನ್ನು ಹಿಡಿದು ಬೆನ್ನ ಮೇಲೆ ಊದಿದಳು. ಎಂಟು ವರ್ಷದಿಂದ ಅವಳು ಊದುವುದನ್ನು ನೋಡಿದ್ದೆ. ಅಂಥ ಪಟ್ಟೆಯನ್ನು ನೋಡಿರಲಿಲ್ಲ. ಕತ್ತಿನಿಂದ ಬಾಲದ ತುದಿಯವರೆಗೆ, ಮೇಲಿನಿಂದ ಚರ್ಮದವರೆಗೆ, ಸೂಜಿಯಲ್ಲಿ ಎಳೆದ ಹಾಗೆ ಸಣ್ಣ, ನೇರ, ಸಮ.

"ಅಮ್ಮನ ಮೊದಲ ಹುಂಜ ಹೀಗೇ ಇತ್ತಂತೆ," ಅಂದಳು. ಮಾತು ಪಿಸುದನಿಗಿಳಿದಿತ್ತು.

ಆವತ್ತಿನಿಂದ ಅವಳ ನಿದ್ದೆ ಹೋಯಿತು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಮ್ಮನ ಗುಂಪು ಮತ್ತೆ ಎದ್ದು ನಿಲ್ಲಬೇಕಾದರೆ ಈ ಹುಂಜ ಬೇಕು. ಹಳದಿಯವನನ್ನೋ ನೀಲಿಯವನನ್ನೋ ಹೇಟೆಗಳ ಜೊತೆ ಬಿಟ್ಟರೆ ನಾಲ್ಕು ವರ್ಷದಲ್ಲಿ ಪಟ್ಟೆಯೆಲ್ಲ ಮಸಿಯಾಗುತ್ತದೆ. ಆದರೆ ಮಾರ್ಟಿನ್ಮಸ್ ದಿನ ಆರಿಸುವವರು ವಾಟಿ. ಅರವತ್ತು ವರ್ಷ ಗ್ರೇ ಕೋಳಿ ಸಾಕಿದ ಮನುಷ್ಯ ಕಣ್ಣೆದುರಿಗಿದ್ದ ಇಂಥ ಹುಂಜವನ್ನು ಬಿಟ್ಟು ಬೇರೆಯದನ್ನು ಮುಟ್ಟುತ್ತಾರೆಯೇ?

ನವೆಂಬರ್ ಹನ್ನೊಂದರ ಬೆಳಿಗ್ಗೆ ಅವಳು ನಮ್ಮ ಅಡುಗೆಮನೆಗೆ ಬಂದು, ಕೂರದೆ, ಬಾಗಿಲಿಗೆ ಒರಗಿ ನಿಂತು ಹೇಳಿದಳು: "ಹಸಿರಿನವನನ್ನ ಕಲ್ಲಿದ್ದಲ ಕೋಣೇಲಿ ಕೂಡಿದ್ದೀನಿ. ಕತ್ತಲಲ್ಲಿ ಕೂಗಲ್ಲ. ಕೇಳಿದ್ರೆ ಸತ್ತೋಯ್ತು ಅಂತೀನಿ."

"ನನ್ನ ಕೈಲಿ ಸುಳ್ಳು ಹೇಳಿಸ್ಬೇಡ ಮಾರಾಯ್ತಿ."

"ನೀನು ಸ್ಕೋನ್ ತಿಂತಾ ಕೂತಿರು. ಬಾಯಿ ತುಂಬಾ ಸ್ಕೋನ್ ಇದ್ರೆ ಸುಳ್ಳೂ ಬರಲ್ಲ, ನಿಜಾನೂ ಬರಲ್ಲ."

ವಾಟಿ ಹನ್ನೊಂದು ಗಂಟೆಗೆ ಬಂದಾಗ ನಾನು ನೆಟ್ಟಾಳ ಅಡುಗೆಮನೆಯಲ್ಲಿ ಕೂತಿದ್ದೆ. ಹೊರಗೆ ಹಿಮ ಬೆರೆತ ಮಳೆ ಓರೆಯಾಗಿ ಹೊಡೆಯುತ್ತಿತ್ತು. ಮುಚ್ಚಳದ ಬುಟ್ಟಿಯೊಂದನ್ನು ತಂದಿದ್ದರು. ಹೊಸ್ತಿಲಲ್ಲಿ ಅವರು ಎಡವಿದ್ದನ್ನು ಕಂಡೆ. ಕುರ್ಚಿಯನ್ನು ಕೈಯಿಂದ ತಡವಿ ಹುಡುಕಿದ್ದನ್ನೂ ಕಂಡೆ. ನೆಟ್ಟಾ ಕೊಟ್ಟ ಚಹಾದ ಬಟ್ಟಲಿನ ಕಡೆ ಕೈ ಚಾಚಿದಾಗ ಆ ಕೈ ಎರಡು ಬೆರಳು ಆಚೆ ಹೋಯಿತು.

"ಎರಡೂ ಕಣ್ಣಿಗೂ ಪೊರೆ ಬಂದಿದೆ," ಅಂದರು, ಯಾರದೋ ಹಸುವಿನ ಸುದ್ದಿ ಹೇಳುವ ಹಾಗೆ. "ಬೆಳಕು, ಕತ್ತಲು, ಅಷ್ಟೇ ಗೊತ್ತಾಗೋದು. ಕೋಳೀಲಿ ಬಿಳಿಚಿದ್ದು ಹುಂಜ, ಕಪ್ಪಿಟ್ಟದ್ದು ಹೇಟೆ. ಅಷ್ಟು ಕಾಣುತ್ತೆ. ಪಟ್ಟೆ ಕಾಣ್ದೆ ವರ್ಷ ಆಯ್ತು."

ಗ್ರೇ ಕೋಳಿಯಲ್ಲಿ ಅದು ನಿಜ. ಹುಂಜದ ಬಿಳಿ ಪಟ್ಟೆ ಅಗಲ, ಹೇಟೆಯದು ಸಣ್ಣ. ದೂರದಿಂದ ಹುಂಜ ಒಂದು ಬಣ್ಣ ತಿಳಿ, ಹೇಟೆ ಒಂದು ಬಣ್ಣ ಗಾಢ.

"ಅದಕ್ಕೇ ಮಗಳೇ, ನಾನು ಆರಿಸಲ್ಲ," ವಾಟಿ ಮುಂದುವರಿಸಿದರು. "ನೀನೇ ಆರಿಸಿ ಕೊಡು. ಒಳ್ಳೇದು ಯಾವುದು ಅಂತ ನಿನಗೆ ಗೊತ್ತಿರುತ್ತೆ. ಗ್ರಿಜೆಲ್ ಮಗಳಲ್ವಾ ನೀನು."

ಒಲೆಯ ಮೇಲೆ ಕೆಟಲು ಸಿಳ್ಳೆ ಹಾಕುತ್ತಿತ್ತು. ಯಾರೂ ಇಳಿಸಲಿಲ್ಲ. ನನ್ನ ಬಾಯಲ್ಲಿದ್ದ ಸ್ಕೋನು ಮರಳಾಯಿತು. ಹಿತ್ತಿಲಲ್ಲಿ ಹಳದಿಯವನೂ ನೀಲಿಯವನೂ ಇದ್ದರು. ಯಾವುದನ್ನು ಬುಟ್ಟಿಗೆ ಹಾಕಿ ಕೊಟ್ಟರೂ ಮುದುಕನಿಗೆ ಗೊತ್ತಾಗುವಂತಿರಲಿಲ್ಲ. ಕಣ್ಣಿದ್ದವನಿಂದ ಬಚ್ಚಿಡುವುದು ಒಂದು ಆಟ. ನಂಬಿ ಬಂದ ಕುರುಡನಿಂದ ಬಚ್ಚಿಡುವುದು ಆಟವಲ್ಲ. ನೆಟ್ಟಾ ನನ್ನ ಮುಖ ನೋಡಿದಳು. ಕೆಟಲನ್ನು ಇಳಿಸಿದಳು. ತಲೆಗೆ ಶಾಲು ಎಳೆದುಕೊಂಡು ಹಿಂಬಾಗಿಲಿಂದ ಹೊರಗೆ ಹೋದಳು.

ಕಿಟಕಿಯಿಂದ ನೋಡಿದೆ. ಅವಳು ಕೋಳಿಗೂಡಿನ ಕಡೆ ನಾಲ್ಕು ಹೆಜ್ಜೆ ನಡೆದಳು. ನಿಂತಳು. ಮಳೆಯಲ್ಲಿ ಎಷ್ಟು ಹೊತ್ತು ನಿಂತಳೋ ತಿಳಿಯದು. ಶಾಲು ತೊಯ್ದು ಬೆನ್ನಿಗೆ ಅಂಟಿತ್ತು. ಆಮೇಲೆ ತಿರುಗಿ ಕಲ್ಲಿದ್ದಲ ಕೋಣೆಯ ಅಗಳಿ ತೆಗೆದಳು.

ಒಳಗೆ ಬಂದವಳು ಹುಂಜವನ್ನು ವಾಟಿಯ ತೊಡೆಯ ಮೇಲಿಟ್ಟಳು. "ತಗೊಳ್ಳಿ, ವಾಟಿ ಮಾಮ. ಒಂಬತ್ತು ಮರೀಲಿ ಒಂದು ಇದು. ಇದಕ್ಕಿಂತ ಒಳ್ಳೇದು ನನ್ನ ಹತ್ರ ಇಲ್ಲ."

ವಾಟಿ ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ಹುಬ್ಬು ಗಂಟಿಕ್ಕಿತು.

"ಏನಮ್ಮ ನೆಟ್ಟಾ, ಕುರುಡ ಅಂತ ಆಟ ಆಡ್ತೀಯಾ? ಹುಂಜ ಕೇಳಿದ್ರೆ ಹೇಟೆ ತಂದು ಮಡಿಲಿಗೆ ಹಾಕ್ತೀಯಲ್ಲ!"

"ಹೇಟೆಯಾ?"

"ಇಷ್ಟು ಕಪ್ಪಗಿರೋದು ಹೇಟೆ ಅಲ್ದೆ ಇನ್ನೇನು? ಅರವತ್ತು ವರ್ಷದಿಂದ ನೋಡ್ತಿದ್ದೀನಿ!"

ಆಗಲೇ ನಾವಿಬ್ಬರೂ ಹುಂಜವನ್ನು ಸರಿಯಾಗಿ ನೋಡಿದ್ದು. ಬೆಳಿಗ್ಗೆಯಿಂದ ಕಲ್ಲಿದ್ದಲ ಪುಡಿಯ ರಾಶಿಯಲ್ಲಿ ಬಿಟ್ಟರೆ ಕೋಳಿ ಸುಮ್ಮನಿರುತ್ತದೆಯೇ? ಗುಂಡಿ ತೋಡಿ, ಹೊರಳಾಡಿ, ರೆಕ್ಕೆಯೊಳಗೂ ಎರಚಿಕೊಂಡು ಮನದಣಿಯೆ ಧೂಳುಸ್ನಾನ ಮಾಡಿತ್ತು. ಆ ಪಟ್ಟೆಗಳು, ಸೂಜಿಯಲ್ಲಿ ಎಳೆದ ಆ ಬಿಳಿ ಗೆರೆಗಳು, ಒಂದೂ ಕಾಣುತ್ತಿರಲಿಲ್ಲ. ವಾಟಿಯ ಬೆರಳು ತಲೆಯ ಮೇಲೆ ಹೋಗಿ ಎತ್ತರದ ಜುಟ್ಟನ್ನು ಮುಟ್ಟಿತು, ಗದ್ದದ ಜೋಲನ್ನು ಮುಟ್ಟಿತು, ಕಾಲಿನ ಹಿಂದೆ ಮೊಳೆಯುತ್ತಿದ್ದ ಮುಳ್ಳನ್ನು ಮುಟ್ಟಿತು. ನಿಂತಿತು. ಅವರು ಕೈ ಎತ್ತಿ ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರು. ಮೂಸಿದರು.

"ಕಲ್ಲಿದ್ದಲು," ಅಂದರು.

ನೆಟ್ಟಾ ತೊಯ್ದ ಶಾಲನ್ನು ತಲೆಯಿಂದ ತೆಗೆದಳು. "ಬಚ್ಚಿಟ್ಟಿದ್ದೆ ಮಾಮ. ನೀವು ಇದನ್ನ ಆರಿಸ್ಬಾರ್ದು ಅಂತ. ಮೊಟ್ಟೆ ಕೊಟ್ಟವರಿಗೇ ಮೋಸ ಮಾಡೋಕೆ ಹೊರಟಿದ್ದೆ."

ಮುದುಕರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಹಂಡೆ!" ಅಂದರು. "ನಿನ್ನಮ್ಮ ಹುಂಜ ಬಚ್ಚಿಟ್ಟಿದ್ದು ಬಟ್ಟೆ ಕುದಿಸೋ ತಾಮ್ರದ ಹಂಡೆಯೊಳಗೆ! ನನ್ನಮ್ಮನ ಪಾಲು ತಗೊಂಡ್ಹೋಗೋಕೆ ನಾನು ಬಂದಿದ್ದೆ, ಇದೇ ಮನೆಗೆ, ಇಪ್ಪತ್ತನೇ ಇಸವೀಲಿ. ಮದುಮಗಳು, ಪಾಪ, ಮೈಯೆಲ್ಲಾ ನಡುಗ್ತಿದ್ಲು. ಹಂಡೆ ಒಳಗಿಂದ 'ಕೊಕ್ಕೊಕ್ಕೋ' ಅಂತು. ಗಂಟೆ ಹೊಡೆದ ಹಾಗೆ! ನಾನು ಮುಖ ಕಲ್ಲು ಮಾಡ್ಕೊಂಡು, ಏನಮ್ಮಾ ಚರ್ಚಿನ ಗಂಟೆ ಇವತ್ತು ಬೇಗ ಹೊಡೀತಲ್ಲ ಅಂದೆ."

"ಅಮ್ಮನಾ?" ನೆಟ್ಟಾಳ ದನಿ ಮಗುವಿನದಾಗಿತ್ತು. "ನಮ್ಮಮ್ಮನಾ?"

"ನಿಮ್ಮಮ್ಮನೇ. ಹೊರಗಿದ್ದ ಎರಡನೇ ದರ್ಜೆ ಹುಂಜ ತಗೊಂಡು ಹೋದೆ. ಅದರ ಮೊಮ್ಮಗನ ಮರಿಮಗ ಈ ಕಲ್ಲಿದ್ದಲ ದೊರೆ. ಹೇಳು, ನಾನು ಕಳ್ಕೊಂಡಿದ್ದೇನು?"

ನೆಟ್ಟಾ ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೆ ಮಾಡಿದಳು. ಹತ್ತು ತಿಂಗಳಿಂದ ಸಮಾಧಿಯಲ್ಲಿ ಬರೀ ಸದ್ಗುಣಿಯಾಗಿ ಮಲಗಿದ್ದ ಗ್ರಿಜೆಲ್ ಆವತ್ತು ಆ ಅಡುಗೆಮನೆಗೆ ನಡುಗುತ್ತ, ಹಂಡೆಗೆ ಬೆನ್ನು ಕೊಟ್ಟು, ಮದುಮಗಳಾಗಿ ಬಂದು ನಿಂತಳು.

"ಆದ್ರೂ ತಗೊಂಡ್ಹೋಗಿ ಮಾಮ," ಅಂದಳು ಕೊನೆಗೆ. "ನಾನು ಕೊಟ್ಟಾಯ್ತು. ತೊಳೆದು ಕೊಡ್ತೀನಿ."

ವಾಟಿ ಹುಂಜದ ಬೆನ್ನು ಸವರಿದರು. ಬಗ್ಗಿ, ತುಟಿ ಚೂಪು ಮಾಡಿ, ಗರಿಗಳ ಮೇಲೆ ಊದಿದರು. ಕಪ್ಪು ಪುಡಿ ಹಾರಿ ಅವರ ಮುಖಕ್ಕೇ ಬಂತು. ಅವರಿಗೆ ಕಾಣುವುದಿಲ್ಲ ಅಂತ ಗೊತ್ತಿದ್ದೂ ಊದಿದರು.

"ಚರ್ಮದವರೆಗೂ ಇದೆಯಾ ಮಗಳೇ?"

"ಇದೆ ಮಾಮ."

"ಹೂಂ." ಅಷ್ಟರಲ್ಲಿ ಹಿತ್ತಿಲಲ್ಲಿ ನೀಲಿ ನೂಲಿನವನು ಕೂಗಿದ. ಅಗಲ ಎದೆಯಿಂದ ಹೊರಟ ಕೂಗು. ಮಳೆಯನ್ನು ಸೀಳಿ ಗುಡ್ಡಕ್ಕೆ ಬಡಿದು ಬಂತು. ವಾಟಿ ತಲೆ ಎತ್ತಿದರು. "ಅದ್ಯಾರದು?"

"ನೀಲಿಯವನು. ಬಾಲ ಕಲಸಿದೆ ಮಾಮ, ಅದು ಬೇಡ."

"ನನಗೆ ಬಾಲ ಕಟ್ಕೊಂಡು ಏನಾಗ್ಬೇಕು? ಪಟ್ಟೆ ನೋಡೋಕೆ ಕಣ್ಣು ನಿನಗಿದೆ, ನೀನಿಟ್ಕೋ. ನನಗಿರೋದು ಕಿವಿ. ಬೆಳಿಗ್ಗೆ ಏಳೋವಾಗ ಕತ್ತಲೋ ಬೆಳಕೋ ಅನ್ನೋದೂ ಇನ್ನು ಮುಂದೆ ಕೋಳೀನೇ ಹೇಳ್ಬೇಕು. ಆ ಗಂಟಲು ಇರೋನು ನನ್ನ ಹುಂಜ. ಇಲ್ಲ ಅಂತ ವಾದ ಮಾಡ್ಬೇಡ, ಆರಿಸೋದು ನನ್ನ ಹಕ್ಕು."

ನೀಲಿ ನೂಲಿನವನು ಬುಟ್ಟಿಗೆ ಹೋದ. ಹೊರಗೆ ಹಾಲಿನ ಲಾರಿ ಹಾರ್ನ್ ಹಾಕಿತು. ನೆಟ್ಟಾ ವಾಟಿಯ ತೋಳು ಹಿಡಿದು ಬಾಗಿಲವರೆಗೆ ನಡೆಸಿದಳು. ಹಿಮಮಳೆ ಈಗ ಇನ್ನೂ ದಪ್ಪವಾಗಿ ಸುರಿಯುತ್ತಿತ್ತು. ಎದುರಿನ ಗುಡ್ಡವೇ ಕಾಣುತ್ತಿರಲಿಲ್ಲ. ಥ್ಯಾಂಕ್ಸ್ ಅನ್ನುವ ಆ ಪದ ಅವಳ ಬಾಯಿಗೆ ಬಂದೇಬಿಟ್ಟಿತ್ತು, ನಾನು ನೋಡುತ್ತಿದ್ದೆ. ಅವಳು ಅದನ್ನು ನುಂಗಿದಳು. ಆಕಾಶದ ಕಡೆ ನೋಡಿದಳು. ನೀರು ಮುಖದ ಮೇಲೆ ಹರಿಯಿತು.

"ಎಂಥಾ ಬಿಸಿಲು, ವಾಟಿ ಮಾಮ," ಅಂದಳು.

ವಾಟಿ ತೊಯ್ದ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದರು.

"ಹೂಂ ಮಗಳೇ," ಅಂದರು. "ಕಣ್ಣು ಕುಕ್ಕುತ್ತೆ."